ನೋಡಲೇಬೇಕಾದ ಹತ್ತು ಜಾಗ, ಮತ್ತ ನೋಡೋ ಮಂದಿ

ಶಿವರಾತ್ರಿ ಮುಗಿಯುತ್ತಿದ್ದಂತೆ ನಮ್ಮ ಕಡೆ ಒಂದು ಹೊಸ ಸಾಹಿತ್ಯ ಪ್ರಕಾರಕ್ಕೆ ಸುಗ್ಗಿ ಶುರುವಾಗುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಮನೆಗಳಿಂದ ಬಿ.ಇ. ಓದಿ ಹೊರಬಿದ್ದು ಈಗ ಡಲ್ಲಾಸ್, ನ್ಯೂಜೆರ್ಸಿ, ಲಂಡನ್ ಅಂತ ನೆಲೆ ನಿಂತಿರುವ ಮಕ್ಕಳು ಅಪ್ಪ-ಅವ್ವನ್ನ ಬ್ಯಾಸಗಿಗೆ ಕರೆಸಿಕೊಳ್ಳುವ ಹೊತ್ತು ಇದು. ವೀಸಾ ಬಂತು, ಟಿಕೆಟ್ ಆಯಿತು, ಚಟ್ನಿಪುಡಿ, ಕಡಕ್ ರೊಟ್ಟಿ ಕಟ್ಟಿದ್ದಾಯಿತು. ಆಮೇಲೆ ಬರೋದು ಪಟ್ಟಿ. ಏನು ತೋರಿಸಬೇಕು, ಯಾವತ್ತು ತೋರಿಸಬೇಕು, ಎಷ್ಟು ತಾಸು ನಿಲ್ಲಬೇಕು ಅನ್ನುವ ಪಟ್ಟಿ. ಎಕ್ಸೆಲ್ ಹಾಳೆಯಲ್ಲಿ ಬಣ್ಣ ತುಂಬಿ, ವಾಟ್ಸಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿ, ಹೆಸರು-ತಾರೀಖು ಬದಲಾಗಿ ಊರೆಲ್ಲ ಸುತ್ತುವ ಪಟ್ಟಿ.

ಇದನ್ನು ಸಾಹಿತ್ಯ ಅಂತ ಯಾರೂ ಕರೆಯುವುದಿಲ್ಲ. ನಾನು ಕರೀತೀನಿ, ಯಾಕಂದ್ರ ಪ್ರವಾಸದ ಬಗ್ಗೆ ನಮ್ಮ ಮಂದಿ ಈಗ ನಿಜವಾಗಿ ಓದುತ್ತಿರುವುದು ಇದನ್ನೇ. ಕನ್ನಡದ ಪ್ರವಾಸ ಕಥನಕ್ಕೆ ವಿಮರ್ಶಕರಿದ್ದಾರೆ, ಬಹುಮಾನಗಳಿವೆ. ಈ ಪಟ್ಟಿಗೆ ಒಬ್ಬ ವಿಮರ್ಶಕನೂ ಇಲ್ಲ. ಆದರೆ ಒಬ್ಬ ರೈತ ತನ್ನ ಜೀವಮಾನದಲ್ಲಿ ಒಂದೇ ಸಲ ಮಾಡುವ ಪರದೇಶದ ಪ್ರವಾಸ ಹೆಂಗಿರಬೇಕು ಅಂತ ತೀರ್ಮಾನ ಮಾಡುವುದು ಇದು. ಹಂಗಾಗಿ ಇದನ್ನು ಒಂದು ಕೃತಿ ಅಂತ ಇಟ್ಟುಕೊಂಡು ಓದೋಣ.

ಮೊದಲು ಅದರ ಭಾಷೆ. ಪಟ್ಟಿಯ ಮುಖ್ಯ ಕ್ರಿಯಾಪದ ‘ನೋಡಲೇಬೇಕು’. ಎರಡನೆಯದು ‘ಮುಗಿಸಬೇಕು’. "ಎರಡನೇ ದಿನ ಪ್ಯಾರಿಸ್ ಮುಗಿಸಿ, ಮೂರನೇ ದಿನ ಬ್ರಸೆಲ್ಸ್ ಮುಗಿಸಿ, ಸಂಜೆಗೆ ಆಮ್ಸ್ಟರ್‌ಡ್ಯಾಮ್." ಎಡಿ ಹೊಡೆಯೋದು ಮುಗಿಸೋದು, ಕಳೆ ತೆಗೆಯೋದು ಮುಗಿಸೋದು ಅಂದಂಗ. ಹತ್ತು ದಿನಕ್ಕೆ ಏಳು ದೇಶ ಅನ್ನುವ ಮಾದರಿಯ ಪಟ್ಟಿ ಹಿಡಿದು ಲೆಕ್ಕ ಹಾಕಿ: ಹೋಗಿ ಬರುವುದಕ್ಕೆ 2 ದಿನ. ಉಳಿದ 8 ದಿನಕ್ಕೆ ದಿನಾ 5 ತಾಸು ಬಸ್ಸು ಅಂದ್ರೂ 40 ತಾಸು. ನಿದ್ದೆ, ಊಟ, ಸಾಮಾನು ಕಟ್ಟೋದು-ಬಿಚ್ಚೋದು ತೆಗೆದರೆ ಒಂದು ದೇಶಕ್ಕೆ ಸಿಗುವುದು ಒಂದು ಸಣ್ಣ ಸಂತಿ ಮಾಡುವಷ್ಟು ಹೊತ್ತು. ಸಂತ್ಯಾಗಾದರೂ ನಾವು ಬದನೆಕಾಯಿ ಒತ್ತಿ ನೋಡ್ತೀವಿ, ದರ ಕೇಳ್ತೀವಿ, ಯಾವೂರಿನ ಮಾಲು ಅಂತ ಮಾತಾಡಿಸ್ತೀವಿ. ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಎರಡನೆಯದು, ಪಾತ್ರ. ಎಂಥ ಕೆಟ್ಟ ಕಾದಂಬರಿಯಲ್ಲೂ ಒಬ್ಬ ನಾಯಕ ಇರ್ತಾನ. ಪಟ್ಟಿಯಲ್ಲಿ ಜಾಗಗಳಿವೆ, ಸಮಯವಿದೆ, ಪಾರ್ಕಿಂಗ್ ಎಲ್ಲಿ ಅಂತ ಇದೆ. ನೋಡುವವರು ಯಾರು ಅಂತ ಇಲ್ಲ. ಬೆಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಗೂ, ನರಗುಂದದ ಹತ್ತು ಎಕರೆ ಎರಿ ಹೊಲದ ಒಡೆಯನಿಗೂ, ಗಜೇಂದ್ರಗಡದಾಗ ಸೀರಿ ನೇಯ್ದು ಮಕ್ಕಳನ್ನು ಓದಿಸಿದ ತಾಯಿಗೂ ಅದೇ ಹತ್ತು ಜಾಗ, ಅದೇ ಕ್ರಮ.

ಕನ್ನಡದ ಹಳೆಯ ಪ್ರವಾಸ ಪುಸ್ತಕಗಳ ಹೆಸರುಗಳನ್ನು ಇದರ ಪಕ್ಕ ಇಟ್ಟು ನೋಡಿ. ‘ಅಮೆರಿಕದಲ್ಲಿ ಗೊರೂರು’. ಬಿ.ಜಿ.ಎಲ್. ಸ್ವಾಮಿ ಅವರ ‘ಅಮೆರಿಕದಲ್ಲಿ ನಾನು’. ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’. ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಎಲ್ಲದರಲ್ಲೂ ದೇಶದ ಹೆಸರಿನ ಜೊತೆಗೆ ಹೋದ ಮನುಷ್ಯ ಇದ್ದಾನೆ. ಕಾಮತರ ಆ ‘ನಾನೂ’ ಅನ್ನುವ ದೀರ್ಘದಲ್ಲೇ ಅರ್ಧ ನಗು ಇದೆ: ಎಲ್ಲರೂ ಹೋಗಿ ಬಂದರಲ್ಲ, ನಂದೂ ಒಂದಿರಲಿ ಅನ್ನುವ ನಗು. ಮೂರ್ತಿರಾಯರು ತಮ್ಮ ವಯಸ್ಸನ್ನೇ ಶೀರ್ಷಿಕೆಗೆ ತಂದರು; ಮುದುಕನ ಕಾಲು, ಮುದುಕನ ಕಣ್ಣು ಅಂತ ಮೊದಲೇ ಒಪ್ಪಿಕೊಂಡು ಓದುಗನನ್ನು ಒಳಗೆ ಕರೆದರು. ‘ಹಳ್ಳಿಯ ಚಿತ್ರಗಳು’ ಬರೆದ ಗೊರೂರರು ಇಳಿವಯಸ್ಸಿನಲ್ಲಿ ಬರೆದ ಅಮೆರಿಕದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿ ನೋಡಿ ಪಳಗಿದ ಕಣ್ಣಿಗೆ ಪರದೇಶ ನೋಡಲು ಬೇರೆ ಕನ್ನಡಕ ಬೇಕಾಗಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಇವರೆಲ್ಲರಿಗಿಂತ ನನಗೆ ಉಪಯೋಗಕ್ಕೆ ಬಂದ ಹೆಸರು ಜಿ.ಎಸ್. ಶಿವರುದ್ರಪ್ಪನವರದು. ಅವರು ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’ ಅಂತಲೂ ಬರೆದರು, ‘ಇಂಗ್ಲೆಂಡಿನಲ್ಲಿ ಚತುರ್ಮಾಸ’ ಅಂತಲೂ ಬರೆದರು. ಮೊದಲನೆಯ ಹೆಸರು ದಿನ ಎಣಿಸುತ್ತದೆ. ಎರಡನೆಯದು ಎಣಿಕೆಯನ್ನೇ ಬದಲಿಸುತ್ತದೆ. ಚಾತುರ್ಮಾಸ ಅಂದ್ರ ಸನ್ಯಾಸಿಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸಿ ಒಂದೇ ಕಡೆ ಕೂಡುವ ನಾಲ್ಕು ತಿಂಗಳು. ಪ್ರವಾಸ ಪುಸ್ತಕಕ್ಕೆ ಕೂಡುವ ಹೆಸರು! ಮಕ್ಕಳ ಮನೆಗೆ ಹೋಗುವ ನಮ್ಮ ತಂದೆ-ತಾಯಿಯ ಪರದೇಶ ಕೂಡ ನಿಜವಾಗಿ ಇದೇ ಜಾತಿಯದು. ಇಂಗ್ಲೆಂಡಿನ ಭೇಟಿ ವೀಸಾ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತದೆ, ಅಮೆರಿಕದ್ದೂ ಹೆಚ್ಚುಕಡಿಮೆ ಅಷ್ಟೇ. ಯುರೋಪಿನ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ. ಪಟ್ಟಿ ಈ 90 ಅಥವಾ 180 ದಿನಗಳಲ್ಲಿ ಹನ್ನೆರಡು ದಿನಕ್ಕೆ ಮಾತ್ರ ಉತ್ತರ ಕೊಡುತ್ತದೆ. ಉಳಿದ ದಿನಗಳ ಬಗ್ಗೆ ಅದು ಬಾಯಿ ಬಿಡುವುದಿಲ್ಲ.

ಆ ಉಳಿದ ದಿನಗಳು ಹೆಂಗಿರ್ತಾವ ಅಂತ ಹೋಗಿ ಬಂದವರನ್ನ ಕೇಳಿ. ಬೆಳಿಗ್ಗೆ ಎಂಟಕ್ಕೆ ಮಗ-ಸೊಸಿ ಕೆಲಸಕ್ಕೆ, ಮೊಮ್ಮಕ್ಕಳು ಕ್ಯಾಂಪಿಗೆ. ಕಾರಿಲ್ಲದೆ ಎಲ್ಲಿಗೂ ಹೋಗುವಂತಿಲ್ಲ. ಬೀದಿಯಲ್ಲಿ ಕಟ್ಟಿ ಇಲ್ಲ, ಕೂತವರಿಲ್ಲ. ನಮ್ಮ ಕಡೆಯ ಒಬ್ಬ ಕಾಕಾ ಆರು ತಿಂಗಳು ಅಮೆರಿಕದಲ್ಲಿದ್ದು ಬಂದರು. "ಏನೇನ್ ನೋಡಿದ್ರಿ ಕಾಕಾ?" ಅಂದೆ. "ಎಲ್ಲಾ ನೋಡಿದ್ವೋ ತಮ್ಮಾ, ಕಾಲ್ ನೊಂದ್ವು," ಅಂದು ಸುಮ್ಮನಾದರು. ಆಮೇಲೆ ತಾವಾಗಿಯೇ ಶುರು ಮಾಡಿದ್ದು ಕಸದ ಲಾರಿಯ ಕಥೆ. ಮಂಗಳವಾರ ಮುಂಜಾನೆ ಬರತದ, ಒಬ್ಬನೇ ಡ್ರೈವರ್, ಕೆಳಗ ಇಳಿಯಂಗಿಲ್ಲ, ಲಾರಿಯ ಬಗಲಿಂದ ಒಂದು ಕೈ ಚಾಚಿ ಡಬ್ಬಿ ಎತ್ತಿ ಸುರುವಿ ವಾಪಸ್ ಇಡತದ. ಅರ್ಧ ತಾಸು ಅದರ ಬಗ್ಗೆ ಮಾತಾಡಿದರು. ಆ ಕೈ ಎಷ್ಟು ಭಾರ ಎತ್ತಬಹುದು, ಅಂಥಾದ್ದೊಂದು ಟ್ರ್ಯಾಕ್ಟರಿಗೆ ಹಚ್ಚಿದರ ಗೊಬ್ಬರದ ಚೀಲ ಎತ್ತಬಹುದೇನು ಅಂತೆಲ್ಲ. ಪಟ್ಟಿಯ ಹತ್ತೂ ಜಾಗ ಸೇರಿ ಅವರಿಗೆ ಕೊಡದೇ ಇದ್ದದ್ದನ್ನು ಆ ಲಾರಿ ಕೊಟ್ಟಿತ್ತು: ಊರಿಗೆ ಬಂದು ಹೇಳಲಿಕ್ಕೆ ತನ್ನದೇ ಅಂತ ಒಂದು ಮಾತು.

ಮೂರನೆಯ ದೋಷ ಕಾಲದ್ದು. ಅಲ್ಲಿಯ ‘ಸಮ್ಮರ್’ ಅಂದ್ರ ಜೂನ್‌ನಿಂದ ಆಗಸ್ಟ್. ನಮ್ಮ ಬ್ಯಾಸಗಿ ಅಷ್ಟೊತ್ತಿಗೆ ಮುಗಿದಿರ್ತದ. ಜೂನ್ ಅಂದ್ರ ಮುಂಗಾರು, ಹೆಸರು ಬಿತ್ತುವ ತಿಂಗಳು. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ. ಆಮೇಲೆ ನಾಗರ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಬರುವ, ಉಂಡಿ ಕಟ್ಟುವ, ಜೋಕಾಲಿ ಹಾಕುವ ಹಬ್ಬ. ಮಗನ ಮನೆಗೆ ಹೋದ ಅವ್ವ ಮಗಳ ಪಂಚಮಿಯನ್ನು ತಪ್ಪಿಸಿಕೊಂಡು ಹೋಗಿರ್ತಾಳ. ಲಂಡನ್ನಿನಲ್ಲಿ ಜೂನ್ ಕೊನೆಗೆ ಹೊತ್ತು ಮುಳುಗುವುದು ರಾತ್ರಿ 9 ಗಂಟೆ 20 ನಿಮಿಷದ ಸುಮಾರಿಗೆ. ಸಂಜಿ ದೀಪ ಹಚ್ಚುವ ಹೆಣ್ಣುಮಗಳು ಊಟ ಮಾಡಿ ಮಲಗುವ ಹೊತ್ತಿಗೂ ಅಂಗಳದಾಗ ಬಿಸಿಲು. ದೀಪ ಯಾವಾಗ ಹಚ್ಚೋದು? ಇದು ಸಣ್ಣ ಪ್ರಶ್ನೆಯಲ್ಲ. ಅರವತ್ತು ವರ್ಷ ದಿನವನ್ನು ಹಿಡಿದಿಟ್ಟ ಗೂಟ ಅದು. ಪ್ರವಾಸದ ತಯಾರಿ ಅಂದ್ರ ಟಿಕೆಟ್ ತೆಗೆಯೋದಷ್ಟೇ ಅಲ್ಲ, ಏನು ಬಿಟ್ಟು ಬರ್ತಾರ, ಅದರ ಜಾಗದಾಗ ಏನು ಇಡ್ತೀವಿ ಅಂತ ಯೋಚಿಸೋದು.

ಹಂಗಾದ್ರ ಪಟ್ಟಿ ಹರಿದು ಒಗೀಬೇಕಾ? ಬ್ಯಾಡ. ಪಟ್ಟಿಯ ಜಾಗಗಳು ಕೆಟ್ಟವಲ್ಲ. ಓದುವ ರೀತಿ ಕೆಟ್ಟದ್ದು. ಮೂರನ್ನು ನಮ್ಮ ಮೂರು ಊರಿನ ಕಣ್ಣಿನಿಂದ ಓದಿ ತೋರಿಸ್ತೀನಿ.

ನಯಾಗರ. ಅಮೆರಿಕದ ಪ್ರತಿ ಪಟ್ಟಿಯ ಮೊದಲನೆಯ ಸಾಲು. ಹಡಗು ಹತ್ತು, ನೀಲಿ ರೇನ್‌ಕೋಟ್ ತೊಡು, ತೋಯ್ಸಿಕೋ, ಫೋಟೋ ತೆಗಿ. ಎತ್ತರ ಹೇಳಬೇಕಂದ್ರ ಕುದುರೆಲಾಳದ ಆಕಾರದ ದೊಡ್ಡ ಜಲಪಾತ ಸುಮಾರು 57 ಮೀಟರ್. ನಮ್ಮ ಗೋಕಾಕದ್ದು 52 ಮೀಟರ್. ಫರಕು ಇರುವುದು ನೀರಿನಲ್ಲಿ. ಆ ನೀರು ತನ್ನ ಪಾಡಿಗೆ ತಾನು ಬೀಳುತ್ತಿಲ್ಲ ಅನ್ನುವುದು ಪಟ್ಟಿಯಲ್ಲಿ ಇರುವುದಿಲ್ಲ. 1950ರಲ್ಲಿ ಅಮೆರಿಕ ಮತ್ತು ಕೆನಡಾ ಮಾಡಿಕೊಂಡ ಒಪ್ಪಂದದ ಪ್ರಕಾರ, ಪ್ರವಾಸಿಗಳ ಹಂಗಾಮಿನಲ್ಲಿ ಹಗಲು ಹೊತ್ತು ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಬೀಳಲೇಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ ಅದರ ಅರ್ಧ ಸಾಕು. ಉಳಿದ ನೀರನ್ನು ಎರಡೂ ದೇಶ ವಿದ್ಯುತ್ತಿಗೆ ಹಂಚಿಕೊಳ್ಳುತ್ತವೆ. ಅಂದ್ರ ನಾವು ನೋಡುವ ನಯಾಗರ, ಗೇಟು ಇಟ್ಟು, ಲೆಕ್ಕ ಬರೆದು ಬಿಟ್ಟ ನೀರು.

ಇದನ್ನು ನರಗುಂದದ ರೈತನಿಗೆ ಹೇಳಿ ನೋಡಿ. ಕ್ಯೂಸೆಕ್, ಟಿಎಂಸಿ ಅವನಿಗೆ ಮನಿ ಮಾತು. ಮಲಪ್ರಭೆಯ ಕಾಲುವೆಗೆ ನೀರು ಸರಿಯಾಗಿ ಬರದಿದ್ದರೂ ಅಭಿವೃದ್ಧಿ ಕರ ಕಟ್ಟು ಅಂದಾಗ 1980ರ ಜುಲೈ 21ರಂದು ಗುಂಡೇಟು ತಿಂದ ಊರು ಅದು. 2015ರ ಜುಲೈನಿಂದ ಮಹದಾಯಿಗಾಗಿ ವರ್ಷಗಟ್ಟಲೆ ಧರಣಿ ಕೂತ ಊರು. ಮಲಪ್ರಭೆಗೆ 7.56 ಟಿಎಂಸಿ ಬೇಕು ಅಂತ ಕೇಳಿದ್ದಕ್ಕೆ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕಳಸಾ-ಬಂಡೂರಿಗೆ ಕೊಟ್ಟಿದ್ದು 3.9 ಟಿಎಂಸಿ. ಸೆಕೆಂಡಿಗೆ ಲಕ್ಷ ಘನ ಅಡಿ ಹರಿದರೆ ಒಂದು ಟಿಎಂಸಿ ತುಂಬಲು ಮೂರು ತಾಸೂ ಬೇಡ. ನಮ್ಮ ಮಂದಿ ಇಷ್ಟು ವರ್ಷ ಬೀದಿಯಲ್ಲಿ ಕೂತು ಕೇಳಿ ಪಡೆದ, ಇನ್ನೂ ಮಲಪ್ರಭೆಗೆ ಬಂದು ಸೇರದ ಆ 3.9 ಟಿಎಂಸಿ ನಯಾಗರದಲ್ಲಿ ಹಗಲಿನ 11 ತಾಸಿನೊಳಗೆ ಬಿದ್ದು ಹೋಗುತ್ತದೆ. ಆ ಕಟಾಂಜನ ಹಿಡಿದು ನಿಂತ ಅಪ್ಪನಿಗೆ ಈ ಲೆಕ್ಕ ಹೇಳಿದ್ರ ಅವರು ಫೋಟೋಕ್ಕೆ ನಗಲಿಕ್ಕಿಲ್ಲ. ಆದರೆ ಎರಡು ದೇಶ ನೀರು ಹಂಚಿಕೊಂಡದ್ದು ಹೆಂಗ, ತಕರಾರು ಬಂದರ ಯಾರ ಮುಂದ ಹೋಗ್ತಾರ ಅಂತ ಕೇಳದೇ ಬಿಡೋದಿಲ್ಲ. ಆಗ ನಯಾಗರ ನೋಡಿದಂತಾಯಿತು.

ಎರಡನೆಯದು ಡಲ್ಲಾಸ್. "ಡಲ್ಲಾಸಿನ್ಯಾಗ ನೋಡೂದೇನೈತಿ, ಬರೇ ರೋಡು" ಅಂತ ಅಲ್ಲಿ ಇರುವವರೇ ಹೇಳ್ತಾರೆ. ಪಟ್ಟಿಯೂ ಹಂಗೇ ನಂಬಿ ಅಪ್ಪ-ಅವ್ವನ್ನ ವಿಮಾನ ಹತ್ತಿಸಿ ಲಾಸ್ ವೇಗಸ್ಸಿಗೆ ಕಳಿಸುತ್ತದೆ. ಆದರೆ ಡಲ್ಲಾಸ್ ಕೂತಿರುವುದು ಎರಿ ಮಣ್ಣಿನ ಮೇಲೆ. ಟೆಕ್ಸಾಸಿನ ‘ಬ್ಲ್ಯಾಕ್‌ಲ್ಯಾಂಡ್ ಪ್ರೇರಿ’ ಅನ್ನುವ ಪಟ್ಟೆಯ ಮಣ್ಣು ನಮ್ಮ ನರಗುಂದ-ರೋಣದ ಎರಿಯ ಜಾತಿಯದೇ. ಮಣ್ಣು ವಿಜ್ಞಾನಿಗಳು ಎರಡನ್ನೂ ವರ್ಟಿಸಾಲ್ ಅನ್ನುವ ಒಂದೇ ಗುಂಪಿಗೆ ಹಾಕುತ್ತಾರೆ. ತೋಯ್ದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಲ್ಲಿಯ ಮಂದಿ ಬ್ಯಾಸಗಿಯಲ್ಲಿ ಮನೆಯ ಬುಡಕ್ಕೆ ಸುತ್ತಲೂ ಪೈಪ್ ಹಾಕಿ ಸಣ್ಣಗೆ ನೀರು ಬಿಡುತ್ತಾರೆ. ಮಣ್ಣು ಒಣಗಿ ಸರಿದರೆ ಅಡಿಪಾಯ ಸೀಳುತ್ತದೆ ಅಂತ. ಎರಿ ಊರಿನಾಗ ಮನಿ ಕಟ್ಟಿಸಿದ ಯಾವ ಅಪ್ಪನಿಗಾದರೂ ಇದು ಎರಡನೇ ಸಲ ಹೇಳಬೇಕಾಗಿಲ್ಲ.

ವೇಕೊ ಕಡೆಯ ಹೆದ್ದಾರಿಯಲ್ಲಿ ಒಂದು ತಾಸು ದಕ್ಷಿಣಕ್ಕೆ ಕಾರು ಬಿಟ್ಟರೆ ಗೋವಿನಜೋಳ, ಹತ್ತಿ, ಜೋಳದ ಹೊಲಗಳು. ಹೌದು, ಜೋಳ. ಅಮೆರಿಕದಲ್ಲಿ ಜೋಳ ಬೆಳೆಯುವುದರಲ್ಲಿ ಕಾನ್ಸಾಸ್ ಮೊದಲು, ಟೆಕ್ಸಾಸ್ ಎರಡನೆಯದು. ನಮ್ಮಲ್ಲಿ ಹಿಂಗಾರಿಗೆ ಬಿತ್ತುವ ಮಾಲದಂಡಿ ಆಳೆತ್ತರ ಮೀರಿ ಬೆಳೆದರೆ ಅಲ್ಲಿಯದು ಸೊಂಟದ ಮಟ್ಟ. ಯಂತ್ರದಿಂದ ಕೊಯ್ಯಲು ಅನುಕೂಲವಾಗಲಿ ಅಂತ ಗಿಡ್ಡ ತಳಿ ಮಾಡಿದ್ದು. ರೋಣದ ರೈತ ಮೊದಲು ಕೇಳೋದು, "ಕಣಕಿ ಎಲ್ಲಿಂದ ಬರಬೇಕು?" ನಮಗೆ ಜೋಳ ಅಂದ್ರ ಅರ್ಧ ರೊಟ್ಟಿ, ಅರ್ಧ ದನದ ಮೇವು. ಅವರಿಗೆ ಅದರ ಕಾಳೇ ದನದ ಮೇವು, ಇಲ್ಲಾ ಎಥನಾಲ್, ಇಲ್ಲಾ ಹಡಗಿಗೆ. ಒಂದು ಬೆಳೆಯ ಎತ್ತರದಲ್ಲಿ ಎರಡು ದೇಶಗಳ ಒಕ್ಕಲುತನದ ವ್ಯತ್ಯಾಸ ಕಾಣುತ್ತದೆ. ಇದಕ್ಕೆ ಟಿಕೆಟ್ ಇಲ್ಲ, ಸರದಿ ಇಲ್ಲ. ಮತ್ತ ಇಲ್ಲಿ ಮಗ ಗೈಡ್ ಅಲ್ಲ, ಅಪ್ಪ ಗೈಡ್. ಮೂರು ತಿಂಗಳು ಮಗನ ಕೈ ಹಿಡಿದು ರಸ್ತೆ ದಾಟಿದ ಮನುಷ್ಯ ಒಂದು ಮುಂಜಾನೆ ಮೊಮ್ಮಗನಿಗೆ ತೆನಿ ಹಿಡಿದು ವಿವರಿಸುವುದು ಯಾವ ಪಟ್ಟಿಗಿಂತಲೂ ದೊಡ್ಡದು.

ಮೂರನೆಯದು ಲಂಡನ್. ಕನ್ನಡಿಗರ ಪಟ್ಟಿಯಲ್ಲಿ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಇದ್ದೇ ಇರುತ್ತದೆ. 2015ರ ನವೆಂಬರ್‌ನಲ್ಲಿ ಅನಾವರಣವಾಯಿತು. ಕೈ ಮುಗಿದು ಬರಲಿ, ಒಳ್ಳೇದು. ಆದರೆ ಗಜೇಂದ್ರಗಡದವರು ಹೋಗಬೇಕಾದ ಇನ್ನೊಂದು ಜಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಅದರ ಕಾಯಂ ಗ್ಯಾಲರಿಗಳಿಗೆ ಪ್ರವೇಶ ಧರ್ಮಾರ್ಥ. ಅಲ್ಲಿದೆ ಟಿಪ್ಪುವಿನ ಹುಲಿ: ಬಿಳಿ ಸಿಪಾಯಿಯ ಮೇಲೆ ಎರಗಿದ ಕಟ್ಟಿಗೆಯ ಹುಲಿ, ಹೊಟ್ಟೆಯಲ್ಲಿ ಒಂದು ವಾದ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಡಗು ಹತ್ತಿ ಹೋದದ್ದು.

ಮೈಸೂರಿನವರು ಅದನ್ನು ನೋಡುವುದಕ್ಕೂ ನಮ್ಮವರು ನೋಡುವುದಕ್ಕೂ ವ್ಯತ್ಯಾಸ ಇರಬೇಕು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆಗೆ ಮುತ್ತಿಗೆ ಹಾಕಿದ್ದರಿಂದ ಮರಾಠರ ಜೊತೆ ಹತ್ತಿಕೊಂಡ ಯುದ್ಧ ಮುಗಿದದ್ದು 1787ರ ಗಜೇಂದ್ರಗಡದ ಒಪ್ಪಂದದಿಂದ. ಶುರುವಾದದ್ದು ಒಂದು ಊರಲ್ಲಿ, ಮುಗಿದದ್ದು ಇನ್ನೊಂದು ಊರಲ್ಲಿ, ಎರಡೂ ನಮ್ಮವು. ಆ ಕಾಲದಲ್ಲಿ ಇಲ್ಲಿಯ ಒಕ್ಕಲಿಗನ ಪಾಲಿಗೆ ಹುಲಿ ಯಾವುದು, ಸಿಪಾಯಿ ಯಾರು ಅಂತ ಅಷ್ಟು ಸರಳವಾಗಿ ಹೇಳಲು ಬರುವುದಿಲ್ಲ. ಇನ್ನು ಎಪ್ಪತ್ತು ವರ್ಷ ಕಳೆದರೆ, 1858ರಲ್ಲಿ, ದತ್ತಕ ಒಪ್ಪದ ಇಂಗ್ಲಿಷರ ವಿರುದ್ಧ ನರಗುಂದದ ಬಾಬಾಸಾಹೇಬ ತಿರುಗಿ ಬಿದ್ದ. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ತಲೆ ಹೋಯಿತು. ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಹುಲಿಯ ಮುಂದೆ ನಿಂತು ಈ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಬಲ್ಲ ಅಜ್ಜಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಪಟ್ಟಿಯವರು ಅವರಿಗೆ ಬಕಿಂಗ್‌ಹ್ಯಾಮ್ ಅರಮನೆಯ ಗೇಟಿನ ಮುಂದೆ ಕಾವಲುಗಾರರು ಬದಲಾಗುವುದನ್ನು ತೋರಿಸಿ ಕರಕೊಂಡು ಬರ್ತಾರೆ.

ನನ್ನ ಮಾತಿಗೆ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಎಲ್ಲದರಲ್ಲೂ ನರಗುಂದ ಕಾಣೋದಾದ್ರ ನರಗುಂದದಾಗ ಇರಬೇಕಿತ್ತು, ಅಲ್ಲೀ ತನಕ ಯಾಕ ಹೋಗಬೇಕು? ಅವ್ವನಿಗೆ ಐಫೆಲ್ ಟವರೇ ನೋಡಬೇಕು ಅನ್ನೋ ಆಸೆ ಇರಬಾರದಾ? ಖಂಡಿತ ಇರಬಹುದು. ಜೀವಮಾನ ಎಲ್ಲಾ ಕ್ಯಾಲೆಂಡರಿನ ಚಿತ್ರದಲ್ಲಿ ನೋಡಿದ್ದನ್ನು ಎದುರು ನಿಂತು ನೋಡುವ ಸುಖ ಸಣ್ಣದಲ್ಲ. ಅದನ್ನು ‘ಟೂರಿಸ್ಟ್ ಜಾಗ’ ಅಂತ ಹಳಿಯುವುದು, ಹತ್ತು ಸಲ ನೋಡಿ ಬಂದ ಮಕ್ಕಳ ಸೊಕ್ಕು. ಹಿಮವನ್ನೇ ಕಾಣದ ಹೆಣ್ಣುಮಗಳಿಗೆ 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಕ್ ನಿಲ್ದಾಣದಲ್ಲಿ ರೈಲು ಇಳಿದು ಬರ್ಫ ಮುಟ್ಟಿಸುವುದು ಪುಣ್ಯದ ಕೆಲಸವೇ. ಅಲ್ಲಿ ನರಗುಂದದ ನೆನಪೇ ಬೇಕಾಗಿಲ್ಲ. ಪಟ್ಟಿಯ ಮೇಲಿನ ನನ್ನ ದೂರು ಅದು ಪ್ರಸಿದ್ಧ ಜಾಗ ತೋರಿಸುತ್ತದೆ ಅಂತಲ್ಲ. ನೋಡುವವರನ್ನು ಕೇಳದೆ ತೋರಿಸುತ್ತದೆ ಅಂತ. "ಅವ್ವಾ, ನಿನಗೇನ್ ನೋಡಬೇಕು ಅನ್ಸೇತಿ?" ಅನ್ನುವ ಒಂದು ಪ್ರಶ್ನೆ ಆ ಎಕ್ಸೆಲ್ ಹಾಳೆಯ ಯಾವ ಕಾಲಮ್ಮಿನಲ್ಲೂ ಇಲ್ಲ. ಕೇಳಿದರೆ ಮೊದಲು "ನಂದೇನೈತಪ್ಪಾ, ನೀ ತೋರ್ಸಿದ್ದ ನೋಡಿದ್ರಾತು" ಅಂತಾರೆ. ಎರಡನೇ ಸಲ, ಮೂರನೇ ಸಲ ಕೇಳಬೇಕು.

ಪ್ಲ್ಯಾನು ಇರಬಾರದು ಅಂತಲೂ ನಾನು ಹೇಳುತ್ತಿಲ್ಲ. ಪ್ಲ್ಯಾನಿಲ್ಲದ ಪಯಣಕ್ಕೆ ನಮ್ಮ ಕಡೆ ದೊಡ್ಡ ಉದಾಹರಣೆಯೇ ಇದೆ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಪುಣೆ, ಗ್ವಾಲಿಯರ್, ಜಲಂಧರ್ ಅಂತ ಉತ್ತರವೆಲ್ಲ ಅಲೆದು ಕೊನೆಗೆ ಸವಾಯಿ ಗಂಧರ್ವರ ಹತ್ತಿರ ಕಲಿಯಲು ನಿಂತದ್ದು ಮನೆಯ ಮಗ್ಗುಲಿನ ಕುಂದಗೋಳದಲ್ಲಿ. ಅವರ ಹತ್ತಿರ ದಿನದ ಪಟ್ಟಿ ಇರಲಿಲ್ಲ, ಏನು ಹುಡುಕುತ್ತಿದ್ದೇನೆ ಅನ್ನುವುದು ಮಾತ್ರ ಗೊತ್ತಿತ್ತು. ಅರವತ್ತೈದರ ಮುದುಕರಿಗೆ ಮಾತ್ರೆ, ಇನ್ಶೂರೆನ್ಸ್, ಗಾಲಿಕುರ್ಚಿ ಎಲ್ಲದರ ಪ್ಲ್ಯಾನು ಬೇಕು. ಅದರ ಜೊತೆಗೆ ಹುಡುಕುವುದೇನು ಅನ್ನುವುದೂ ಬೇಕು.

ಈ ಪ್ರಕಾರಕ್ಕೆ ಇನ್ನೊಂದು ಮಗ್ಗುಲಿದೆ. ಅಮೆರಿಕದ ಶಾಲೆಗಳಿಗೆ ಜೂನ್‌ನಿಂದ ಆಗಸ್ಟ್ ತನಕ ಸೂಟಿ. ಆಗ ಅಲ್ಲಿ ಹುಟ್ಟಿದ ಮೊಮ್ಮಕ್ಕಳು ಇಲ್ಲಿಗೆ ಬರುತ್ತಾರೆ. ಅವರ ಪಾಲಿಗೆ ‘ಸಮ್ಮರ್ ಅಬ್ರಾಡ್’ ಅಂದ್ರ ರೋಣ. ಅವರ ಕೈಗೂ ನಾವು ಅಂಥದೇ ಪಟ್ಟಿ ಕೊಡುತ್ತೇವೆ: ಮೈಸೂರು ಅರಮನೆ, ಹಂಪಿ, ಗೋವಾ. ಊರಿಗೆ ಎರಡು ದಿನ, ಹಿರಿಯರ ಕಾಲಿಗೆ ಬೀಳಲಿಕ್ಕೆ. ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡದ ಮೆಟ್ಟಿಲು, ಕಾಲಕಾಲೇಶ್ವರದ ಗುಡ್ಡದಲ್ಲಿ ಸದಾ ಸಣ್ಣಗೆ ಹರಿಯುವ ಅಂತರಗಂಗೆ, ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳು, ಕೆಳಗೆ ಓಣಿಯಲ್ಲಿ ಕೈಮಗ್ಗದ ಸಪ್ಪಳ ಯಾವುದೂ ಆ ಪಟ್ಟಿಯಲ್ಲಿ ಇರುವುದಿಲ್ಲ. ‘ಅಲ್ಲೇನೈತಿ ನೋಡೂದು’ ಅಂತ ಡಲ್ಲಾಸಿನ ಬಗ್ಗೆ ಅಲ್ಲಿಯವರು ಹೇಳಿದಂಗ ನಮ್ಮೂರಿನ ಬಗ್ಗೆ ನಾವೂ ಹೇಳ್ತೀವಿ.

ಇನ್ನೊಂದು ವಾರದಲ್ಲಿ ಯಾರಾದರೂ ನಿಮಗೂ ಒಂದು ಪಟ್ಟಿ ಕಳಿಸಬಹುದು. ಅದನ್ನು ತೂಗಿ ನೋಡಲಿಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ಬಂದ ಅತಿಥಿ, ಕರೆದವರಿಗೆ ಏನಾದರೂ ವಿವರಿಸಿ ಹೇಳಬಲ್ಲಂಥ ಒಂದು ಜಾಗವಾದರೂ ಅದರಲ್ಲಿ ಇದೆಯಾ? ಇದ್ದರೆ ಉಳಿದ ಒಂಬತ್ತು ಯಾವುದಾದರೂ ಇರಲಿ. ಇಲ್ಲದಿದ್ದರೆ ಟಿಕೆಟ್ ತೆಗೆಸುವ ಮೊದಲು ಊರಿಗೆ ಒಂದು ಫೋನ್ ಮಾಡಿ, ಅಪ್ಪ-ಅವ್ವ ಇಬ್ಬರಿಗೂ ಬೇರೆ ಬೇರೆ ಕೇಳಿ.